ಡಿಗ್ರಿ ಹೇಳಿದಿರಿ, ಒತ್ತಡ ಎಲ್ಲಿ?

ಮಾನ್ಯ ಸಂಪಾದಕರೇ,

‘ಕೊಠಡಿಯ ಉಷ್ಣಾಂಶದಲ್ಲೇ ಸೂಪರ್‌ಕಂಡಕ್ಟರ್, ಇನ್ನು ವಿದ್ಯುತ್ ಸೋರಿಕೆಯೇ ಇಲ್ಲ’ ಎಂಬ ಧಾಟಿಯ ಸುದ್ದಿ ಆಗಾಗ ಬರುತ್ತದೆ. ಸೂಪರ್‌ಕಂಡಕ್ಟರ್ ಎಂದರೆ ವಿದ್ಯುತ್ತಿಗೆ ಒಂದಿಷ್ಟೂ ರೋಧ ಒಡ್ಡದ ವಸ್ತು. ಪಿಯು ಕಾಲೇಜಿನಿಂದ ನಿವೃತ್ತನಾದರೂ ಹಳೆಯ ವಿದ್ಯಾರ್ಥಿಗಳು ಅದನ್ನು ಮೊಬೈಲಿಗೆ ಕಳಿಸಿ ‘ಸಾರ್, ನಿಜಾನಾ?’ ಎನ್ನುತ್ತಾರೆ. ನನ್ನ ತಕರಾರು ಇಷ್ಟೇ: ಸುದ್ದಿಯಲ್ಲಿ ಡಿಗ್ರಿ ಇರುತ್ತದೆ, ವಸ್ತುವನ್ನು ಹಿಂಡಿದ ಒತ್ತಡ ಇರುವುದಿಲ್ಲ.

2015ರಲ್ಲಿ ಜರ್ಮನಿಯ ಮೈನ್ಸ್ ನಗರದ ಮ್ಯಾಕ್ಸ್ ಪ್ಲಾಂಕ್ ರಸಾಯನಶಾಸ್ತ್ರ ಸಂಸ್ಥೆಯಲ್ಲಿ ಮಿಖಾಯಿಲ್ ಎರೆಮೆಟ್ಸ್ ತಂಡ ಹೈಡ್ರೋಜನ್ ಸಲ್ಫೈಡನ್ನು ಎರಡು ವಜ್ರಗಳ ತುದಿಗಳ ನಡುವೆ ಹಿಂಡಿತು. ನಮ್ಮ ಲ್ಯಾಬಿನ ಕಿಪ್ಸ್ ಉಪಕರಣದಿಂದ ಹೊರಟು ವರಾಂಡವೆಲ್ಲ ಕೊಳೆತ ಮೊಟ್ಟೆಯ ವಾಸನೆ ಹಬ್ಬಿಸುತ್ತಿತ್ತಲ್ಲ, ಅದೇ ಅನಿಲ. ವಾಯುಮಂಡಲದ ಸುಮಾರು 15 ಲಕ್ಷ ಪಟ್ಟು ಒತ್ತಡದಲ್ಲಿ ಅದು ಲೋಹವಾಗಿ, ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಲ್ಲೇ ರೋಧ ಕಳೆದುಕೊಂಡಿತು. 1911ರಲ್ಲಿ ಪಾದರಸಕ್ಕೆ ಈ ಗುಣ ಬರಲು ಮೈನಸ್ 269 ಬೇಕಾಗಿತ್ತು! 2019ರಲ್ಲಿ ಲ್ಯಾಂಥನಮ್ ಹೈಡ್ರೈಡ್ (ಲ್ಯಾಂಥನಮ್ ಲೋಹ, ಹೈಡ್ರೋಜನ್ ಸೇರಿದ ವಸ್ತು) ಮೈನಸ್ 23ರಲ್ಲೇ ರೋಧ ಕಳೆದುಕೊಂಡಿತು. ಒತ್ತಡ ಸುಮಾರು 17 ಲಕ್ಷ ಪಟ್ಟು. ಹೈಡ್ರೋಜನ್ ಪರಮಾಣು ಬಲು ಹಗುರ, ಹಾಗಾಗಿ ಬಿರುಸಾಗಿ ಕಂಪಿಸುತ್ತದೆ. ಆ ಕಂಪನವೇ ಎಲೆಕ್ಟ್ರಾನ್‌ಗಳನ್ನು ಜೋಡಿಗೂಡಿಸುತ್ತದೆ, ಜೋಡಿಯಾದವು ರೋಧವಿಲ್ಲದೆ ಹರಿಯುತ್ತವೆ. ಲೋಹವಾದ ಹೈಡ್ರೋಜನ್ ಹೀಗೆ ವರ್ತಿಸಬಹುದೆಂದು ಭೌತವಿಜ್ಞಾನಿ ನೀಲ್ ಆ್ಯಶ್‌ಕ್ರಾಫ್ಟ್ 1968ರಲ್ಲೇ ಲೆಕ್ಕ ಹಾಕಿದ್ದರು.

ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ವಜ್ರದ ನಡುವೆ ಸಿಕ್ಕ, ಕೂದಲೆಳೆಯಗಲದ ಚೂರಿನಿಂದ ಶರಾವತಿಯಿಂದ ಬೆಂಗಳೂರಿಗೆ ತಂತಿ ಎಳೆಯಲು ಆಗುತ್ತದೆಯೇ?

ಇನ್ನು ಆಗ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ರಂಗ ಡಯಾಸ್ ಪ್ರಕರಣ. 2020ರಲ್ಲಿ 15 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಸಿಕ್ಕಿತೆಂದು ಅವರ ತಂಡ ವಿಜ್ಞಾನ ಪತ್ರಿಕೆ ‘ನೇಚರ್’ನಲ್ಲಿ ಪ್ರಕಟಿಸಿತು. ಅಲ್ಲೂ ಒತ್ತಡ 26 ಲಕ್ಷ ಪಟ್ಟು. ದತ್ತಾಂಶದ ಬಗ್ಗೆ ಅನುಮಾನ ಎದ್ದು 2022ರಲ್ಲಿ ‘ನೇಚರ್’ ಅದನ್ನು ಹಿಂಪಡೆಯಿತು. 2023ರ ಮಾರ್ಚ್‌ನಲ್ಲಿ ಲುಟೀಷಿಯಂ ಎಂಬ ಲೋಹದ ವಸ್ತುವಿನ ಬಗ್ಗೆ ಅದೇ ತಂಡದ ಹೊಸ ಘೋಷಣೆ, ಈ ಸಲ ಬರೀ 10 ಸಾವಿರ ಪಟ್ಟು. ಅದೇ ವರ್ಷದ ನವೆಂಬರ್‌ನಲ್ಲಿ ಅದೂ ವಾಪಸ್. ಘೋಷಣೆಯನ್ನು ನನಗೆ ಕಳಿಸಿದವರು ಹಲವರು. ವಾಪಸಾದದ್ದನ್ನು ಒಬ್ಬನೂ ಕಳಿಸಲಿಲ್ಲ. ಅವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಆದ್ದರಿಂದ ಇಂಥ ಸುದ್ದಿ ಬಂದಾಗ ಡಿಗ್ರಿಯ ಪಕ್ಕದಲ್ಲೇ ಒತ್ತಡವನ್ನೂ ಅಚ್ಚು ಮಾಡಿ. ಬೇರೆ ಪ್ರಯೋಗಾಲಯದವರು ಪರೀಕ್ಷಿಸಿ ನೋಡಿದ್ದಾರೆಯೇ ಎಂಬುದಕ್ಕೆ ಒಂದು ಸಾಲು ಕೊಡಿ. ಪ್ರಬಂಧ ವಾಪಸಾದರೆ, ಮೊದಲ ಸುದ್ದಿ ಬಂದ ಪುಟದಲ್ಲೇ ಅದನ್ನೂ ಹಾಕಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ತಿಪಟೂರು