ಮರಿ ಫೀಡಿನಲ್ಲಿ ಡಿಸಿಪಿ ಕಡಿಮೆ ಮಾಡಿದ್ದೇವೆ, ಯಾಕೆ ಅಂತ ಈ ಪತ್ರ

ಬೇಲೂರು ಸುತ್ತಮುತ್ತ ಕೋಳಿ ಸಾಕುವ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ಮರಿ ಫೀಡಿನ ಮೂಟೆಯ ಚೀಟಿಯಲ್ಲಿ ಒಂದು ಹೊಸ ಹೆಸರು ಇದೆ: ಫೈಟೇಸ್. 50 ಕೆಜಿ ಮೂಟೆಗೆ ಇಲ್ಲಿಯವರೆಗೆ 900 ಗ್ರಾಂ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಅನ್ನುವ ಮಿನರಲ್ ಪುಡಿ) ಹಾಕುತ್ತಿದ್ದೆವು. ಈಗ 600 ಗ್ರಾಂ ಹಾಕಿ, ಜೊತೆಗೆ 5 ಗ್ರಾಂ ಫೈಟೇಸ್ ಸೇರಿಸುತ್ತಿದ್ದೇವೆ. ಚೀಟಿ ಓದಿದ ಗ್ರಾಹಕರೊಬ್ಬರು, "ಏನಕ್ಕ, ಮಿನರಲ್ ಉಳಿಸಿ ಲಾಭ ಮಾಡ್ಕೊತಿದ್ದೀರಾ?" ಅಂತ ಕೇಳಿದರು. ಕೇಳಬೇಕಾದ ಮಾತೇ. ಉಳಿದ ದುಡ್ಡನ್ನು ನಾವು ಇಟ್ಟುಕೊಂಡಿಲ್ಲ, ಮೂಟೆಗೆ 10 ರೂಪಾಯಿ ಇಳಿಸಿದ್ದೇವೆ. ಆದರೆ ಈ ಬದಲಾವಣೆ ಮಾಡಿದ್ದು ದುಡ್ಡಿಗಾಗಿ ಅಲ್ಲ.

ಡಿಸಿಪಿ ಹಾಕುವುದು ಮುಖ್ಯವಾಗಿ ರಂಜಕಕ್ಕೆ, ಅಂದರೆ ಫಾಸ್ಫರಸ್‌ಗೆ. ರಂಜಕ ಸಾಲದಿದ್ದರೆ ಮೂಳೆ ಗಟ್ಟಿಯಾಗುವುದಿಲ್ಲ. ಅಂಥ ಮರಿಯನ್ನು ಕೈಗೆತ್ತಿಕೊಂಡು ಕೊಕ್ಕನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ರಬ್ಬರಿನ ಹಾಗೆ ಬಾಗುತ್ತದೆ. ಕಾಲು ಮಣಿದು ಕೂತಲ್ಲೇ ಕೂರುತ್ತದೆ. ತಿನ್ನುವುದು ಕಡಿಮೆ, ತೂಕವೂ ಏರುವುದಿಲ್ಲ. ಈ ಹೆದರಿಕೆಗೇ ಇಷ್ಟು ವರ್ಷ ಒಂದು ಹಿಡಿ ಜಾಸ್ತಿಯೇ ಹಾಕುತ್ತಾ ಬಂದೆವು. ಆದರೆ ಮರಿಗೆ ಬೇಕಾದಷ್ಟು ಸಿಕ್ಕ ಮೇಲೆ, ಇನ್ನೆಷ್ಟು ಸುರಿದರೂ ಅದು ಮಾಂಸ ಆಗುವುದಿಲ್ಲ. ಸುಮ್ನೆ ಹಿಕ್ಕೆಯಲ್ಲಿ ಹೋಗುತ್ತದೆ.

ಇನ್ನೊಂದು ವಿಷಯ. ಮುಸುಕಿನ ಜೋಳ, ಸೋಯಾ ಹಿಂಡಿ, ತೌಡಿನಲ್ಲೂ ರಂಜಕ ಇದ್ದೇ ಇದೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಅನ್ನುವ ರೂಪದಲ್ಲಿ ಗಂಟು ಕಟ್ಟಿಕೊಂಡಿರುತ್ತದೆ. ಆ ಗಂಟು ಬಿಚ್ಚುವ ಶಕ್ತಿ ಕೋಳಿಯ ಹೊಟ್ಟೆಗೆ ಬಹಳ ಕಡಿಮೆ. ತಿಂದದ್ದು ತಿಂದ ಹಾಗೇ ಹೊರಗೆ ಬರುತ್ತದೆ. ಫೈಟೇಸ್ ಅನ್ನುವ ಕಿಣ್ವ ಆ ಗಂಟನ್ನು ಬಿಚ್ಚುತ್ತದೆ. ಜೋಳದಲ್ಲೇ ಇದ್ದ ರಂಜಕ ಮರಿಗೆ ದಕ್ಕುತ್ತದೆ. (ಹಸುವಿಗೆ ಈ ತೊಂದರೆ ಇಲ್ಲ, ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡುತ್ತವೆ. ಹಸು ಫೀಡು ಮೊದಲಿನಂತೆಯೇ ಇದೆ.)

ಹಾಗಾದರೆ ಡಿಸಿಪಿ ಇನ್ನೂ ಇಳಿಸಬಹುದಿತ್ತಲ್ವಾ? ಇಳಿಸಲಿಲ್ಲ. ತೂಕ ಬರಲು ಸಾಕಾಗುವ ರಂಜಕ ಮೂಳೆ ಪೂರ್ತಿ ಗಟ್ಟಿಯಾಗಲು ಸಾಲದು. ನಮ್ಮ ಕಡೆ ಗಿರಿರಾಜ, ಸ್ವರ್ಣಧಾರ ತಳಿಯ ಮರಿಗಳನ್ನು ಹಿತ್ತಲಿಗೆ ಬಿಡುತ್ತೀರಿ. ಅವು ಓಡಬೇಕು, ಬೇಲಿ ಹಾರಬೇಕು. ಅವುಗಳ ಕಾಲಿನ ವಿಷಯದಲ್ಲಿ ನಾವು ಜಿಪುಣತನ ಮಾಡುವುದಿಲ್ಲ.

ಹಿಕ್ಕೆಯಲ್ಲಿ ಹೋದ ರಂಜಕ ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಕಣ್ಣಾರೆ ಕಂಡದ್ದು ನಮ್ಮ ಘಟಕದ ಹಿಂದಿನ ಕಟ್ಟೆಯಲ್ಲಿ. ಎರಡು ಬೇಸಿಗೆಯಿಂದ ಅದರ ನೀರು ಹಸಿರು ಬಣ್ಣ ಕಲಸಿದ ಹಾಗಿದೆ. ಎಮ್ಮೆಗಳು ಮೂತಿ ಇಟ್ಟು ಹಿಂದೆ ಸರಿಯುತ್ತವೆ. ನಮ್ಮ ಕೋಳಿ ಗೊಬ್ಬರದ ರಾಶಿ ಅದರ ದಡದಲ್ಲೇ ಇತ್ತು, ತಪ್ಪು ನಮ್ಮದೇ. ಈಗ ರಾಶಿಯನ್ನು ಎತ್ತರದ ಜಾಗಕ್ಕೆ ಸಾಗಿಸಿ ಟಾರ್ಪಾಲು ಹೊದಿಸಿದ್ದೇವೆ. ಸಿಹಿನೀರಿನಲ್ಲಿ ಪಾಚಿ ಮಿತಿಯಲ್ಲಿರುವುದು ಹೆಚ್ಚಾಗಿ ರಂಜಕ ಕಡಿಮೆ ಇರುವುದರಿಂದ. ಅದು ಸಿಕ್ಕಿತೋ, ಪಾಚಿಗೆ ಹಿಡಿತವೇ ಇಲ್ಲ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ. ಕೋಳಿ ಗೊಬ್ಬರ ಹಾಕಿದ ಕಾಫಿ ತೋಟದ ಕೆಂಪು ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತದೆ ನಿಜ. ಆದರೆ ಆಷಾಢದ ಮಳೆಗೆ ಮೇಲ್ಮಣ್ಣೇ ಕೊಚ್ಚಿಹೋದರೆ ರಂಜಕವೂ ಅದರ ಜೊತೆಗೇ ಹಳ್ಳಕ್ಕೆ, ಅಲ್ಲಿಂದ ಯಗಚಿಗೆ, ಯಗಚಿಯಿಂದ ಹೇಮಾವತಿಗೆ. ಡಿಸಿಪಿ ತಯಾರಾಗುವ ರಂಜಕದ ಕಲ್ಲಿನ ಬಹುಪಾಲು ನಮ್ಮ ದೇಶಕ್ಕೆ ಹೊರಗಿನಿಂದ ಬರುತ್ತದೆ. ಅಷ್ಟು ದೂರದಿಂದ ತಂದು ಹೊಳೆಗೆ ಹಾಕುವುದು ನಮಗೆ ಸರಿ ಕಾಣಲಿಲ್ಲ.

ಗೊಬ್ಬರದ ಸಾರಜನಕ ಇದರಿಂದ ಕಡಿಮೆಯಾಗುವುದಿಲ್ಲ. ತೋಟದವರಿಗೆ ಧೈರ್ಯವಾಗಿ ಮಾರಿ.

ನಿಮ್ಮಿಂದ ಎರಡು ಸಹಾಯ ಬೇಕು. ಮಳೆಗಾಲದಲ್ಲಿ ಕೆಲವರು ಫೀಡಿಗೆ ಕುದಿಯುವ ನೀರು ಹಾಕಿ ಕಲಸಿ ಕೊಡುತ್ತೀರಿ. ದಯವಿಟ್ಟು ಬೇಡ, ಫೈಟೇಸ್ ಆ ಬಿಸಿಗೆ ಕೆಡುತ್ತದೆ. ಕಲಸಲೇಬೇಕಿದ್ದರೆ ತಣ್ಣೀರು ಸಾಕು. ಎರಡನೆಯದು, ಮರಿಗಳಿಗೆ ಸುಣ್ಣದ ಪುಡಿ, ಚಿಪ್ಪಿನ ಪುಡಿ ಮೇಲಿಂದ ಹಾಕಬೇಡಿ. ಕ್ಯಾಲ್ಸಿಯಂ ಜಾಸ್ತಿಯಾದರೆ ಅದು ಫೈಟೇಟಿನ ಜೊತೆ ಸೇರಿ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಚಿಪ್ಪು ಬೇಕಾದದ್ದು ಮೊಟ್ಟೆ ಇಡುವ ಕೋಳಿಗೆ. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಮರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು, ಅದರ ಫೀಡೇ ಬೇರೆ.

ಮೊದಲ ಮೂರು ವಾರ ದಿನಾ ಬೆಳಿಗ್ಗೆ ನಾಲ್ಕೈದು ಮರಿ ಹಿಡಿದು ಕಾಲು, ಕೊಕ್ಕು ನೋಡಿ. ಅನುಮಾನ ಬಂದರೆ ಮರಿಯನ್ನೂ ಒಂದು ಹಿಡಿ ಫೀಡನ್ನೂ ತಗೊಂಡು ಘಟಕಕ್ಕೆ ಬನ್ನಿ, ಪಶುವೈದ್ಯರ ಹತ್ತಿರ ನಾವೂ ಜೊತೆಗೆ ಬರುತ್ತೇವೆ. ಹಳೆಯ ಮೂಟೆ ಮನೆಯಲ್ಲಿದ್ದರೆ ಮೊದಲು ಅದನ್ನೇ ಮುಗಿಸಿ, ಕೆಟ್ಟದ್ದೇನಲ್ಲ.

ಇಂತಿ,
ಕಾರ್ಯದರ್ಶಿ
ನಿಮ್ಮ ಕೋಳಿ ಆಹಾರ ಸಹಕಾರ ಸಂಘ, ಬೇಲೂರು