ಎ.ಪಿ. ಕ್ಲಾಸಿನ ಬಾಗಿಲು ಐದನೇ ತರಗತಿಯಲ್ಲೇ ಮುಚ್ಚುತ್ತದೆ

ಮಾನ್ಯ ಸಂಪಾದಕರೇ,

ಅಮೆರಿಕದ ಕನ್ನಡಿಗರ ಮಕ್ಕಳು ಹೈಸ್ಕೂಲಿನಲ್ಲೇ ಇಷ್ಟು ಎ.ಪಿ. ಪರೀಕ್ಷೆ ಬರೆದರು, ಅಷ್ಟರಲ್ಲಿ 5 ಬಂತು ಎಂಬ ಸುದ್ದಿ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತದೆ. ಮಕ್ಕಳು ಪಟ್ಟ ಶ್ರಮಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಅದರ ಬೆನ್ನಿಗೇ ‘ಕರಿಯರ ಮಕ್ಕಳಿಗೆ, ಮೆಕ್ಸಿಕನ್ನರ ಮಕ್ಕಳಿಗೆ ಓದಿನ ಮೇಲೆ ಗಮನವಿಲ್ಲ’ ಎಂಬ ಮಾತೂ ಬರುತ್ತದೆ. ಈ ಪತ್ರ ಆ ಮಾತಿಗೆ. ಎ.ಪಿ. ಕ್ಲಾಸಿನಲ್ಲಿ ಯಾರು ಕೂರುತ್ತಾರೆ ಎಂಬುದು, ಗಣಿತದ ಮಟ್ಟಿಗಂತೂ, ಮಗುವಿಗೆ ಹನ್ನೊಂದು ತುಂಬುವ ಹೊತ್ತಿಗೇ ಬಹುಪಾಲು ತೀರ್ಮಾನವಾಗಿರುತ್ತದೆ. ಅದು ಬರೀ ಬುದ್ಧಿ ನೋಡಿ ಆಗುವ ತೀರ್ಮಾನವಲ್ಲ.

ಗೊತ್ತಿಲ್ಲದವರಿಗಾಗಿ: ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಎಂದರೆ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಓದುವುದು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಪ್ರತಿ ಮೇ ತಿಂಗಳಲ್ಲಿ ಪರೀಕ್ಷೆ ನಡೆಸಿ 1ರಿಂದ 5ರವರೆಗೆ ಅಂಕ ಕೊಡುತ್ತದೆ. ಒಳ್ಳೆಯ ಅಂಕ ಬಂದರೆ ಅನೇಕ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆ, ಅಂದರೆ ಆ ಪಾಠ ಮುಗಿದಿದೆಯೆಂದೇ ಲೆಕ್ಕ ಹಾಕುತ್ತವೆ, ಅಷ್ಟು ಫೀಸು ಉಳಿಯುತ್ತದೆ. ಎಷ್ಟೋ ಶಾಲೆಗಳು ಈ ಕ್ಲಾಸಿನ ‘ಎ’ ಗ್ರೇಡಿಗೆ 4ರ ಬದಲು 5 ಪಾಯಿಂಟ್ ಲೆಕ್ಕ ಹಾಕುವುದರಿಂದ ರ‍್ಯಾಂಕೂ ಮೇಲೇರುತ್ತದೆ.

ಕ್ಯಾಲ್ಕುಲಸ್ಸನ್ನೇ ನೋಡಿ. ಅಲ್ಲಿಗೆ ಹೋಗಲು ಆಲ್ಜೀಬ್ರಾ 1, ಜಿಯಾಮಿಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್ ಮುಗಿದಿರಬೇಕು, ಐದನೆಯದು ಎ.ಪಿ. ಕ್ಯಾಲ್ಕುಲಸ್. ಒಂದೊಂದಕ್ಕೂ ಒಂದೊಂದು ವರ್ಷ. ಹೈಸ್ಕೂಲು 9ರಿಂದ 12, ಅಂದರೆ ನಾಲ್ಕೇ ವರ್ಷ. ಹಾಗಾಗಿ ಆಲ್ಜೀಬ್ರಾ 1 ಎಂಟನೇ ತರಗತಿಯಲ್ಲೇ ಆಗಬೇಕು. ಹಾಗಾಗಬೇಕಾದರೆ 6, 7, 8ನೇ ತರಗತಿಗಳ ಗಣಿತವನ್ನು ಎರಡೇ ವರ್ಷದಲ್ಲಿ ಮುಗಿಸುವ ‘ಅಡ್ವಾನ್ಸ್ಡ್’ ಗುಂಪಿಗೆ ಆರನೇ ತರಗತಿಯಲ್ಲೇ ಸೇರಿರಬೇಕು. ಆ ಆಯ್ಕೆ ನಡೆಯುವುದು ಐದನೇ ತರಗತಿ ಮುಗಿಯುವ ಮುನ್ನ. ಅಂಕ, ಟೀಚರ ಶಿಫಾರಸು, ಕೆಲವೆಡೆ ಅಪ್ಪ-ಅಮ್ಮ ತಾವೇ ಹೆಸರು ಕೊಟ್ಟು ಬರೆಸಬೇಕಾದ ಪ್ರತ್ಯೇಕ ಪರೀಕ್ಷೆ, ಇವು ಮಾನದಂಡ. ಶಿಫಾರಸು ಸಿಗದಿದ್ದರೂ ಪೋಷಕರು ಸಹಿ ಹಾಕಿ ಸೇರಿಸುವ ಅವಕಾಶ ಹಲವು ಶಾಲೆಗಳಲ್ಲಿದೆ, ಆದರೆ ಅದನ್ನು ಯಾರೂ ಡಂಗುರ ಸಾರುವುದಿಲ್ಲ. ಒಮ್ಮೆ ತಪ್ಪಿದವರು ಹತ್ತನೇ ತರಗತಿಯಲ್ಲಿ ಜಿಯಾಮಿಟ್ರಿ, ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು, ಇಲ್ಲವೇ ಬೇಸಿಗೆ ರಜೆಯಲ್ಲಿ ದುಡ್ಡು ಕೊಟ್ಟು ಒಂದನ್ನು ಮುಗಿಸಬಹುದು. ಬೇಸಿಗೆಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕಾದ, ಶಾಲಾ ಬಸ್ಸಿಲ್ಲದ ಮಗುವಿಗೆ ಇದು ಆಗುವ ಮಾತಲ್ಲ.

ಇನ್ನು ಎಷ್ಟೋ ಹೈಸ್ಕೂಲುಗಳಲ್ಲಿ ಕ್ಯಾಲ್ಕುಲಸ್ ಕ್ಲಾಸೇ ಇಲ್ಲ. 2020–21ರ ಫೆಡರಲ್ ನಾಗರಿಕ ಹಕ್ಕುಗಳ ದತ್ತಾಂಶದ ಪ್ರಕಾರ, ಕಪ್ಪುವರ್ಣೀಯ ಮತ್ತು ಲ್ಯಾಟಿನೊ ಮಕ್ಕಳು ಹೆಚ್ಚಿರುವ ಹೈಸ್ಕೂಲುಗಳ ಪೈಕಿ ಸುಮಾರು 35% ಮಾತ್ರ ಕ್ಯಾಲ್ಕುಲಸ್ ಕಲಿಸುತ್ತಿದ್ದವು. ಅವರು ಕಡಿಮೆಯಿರುವ ಶಾಲೆಗಳಲ್ಲಿ ಅದು 54%.

ಇದು ಬಡತನದ ಕಥೆ ಮಾತ್ರ, ಬಣ್ಣದ್ದಲ್ಲ ಎನ್ನುವವರೂ ಇದ್ದಾರೆ. ಅಂಕ ಸಮನಾಗಿದ್ದರೂ ಕಪ್ಪುವರ್ಣೀಯ ಮಕ್ಕಳು ‘ಗಿಫ್ಟೆಡ್’ (ಪ್ರತಿಭಾವಂತರಿಗೆಂದೇ ಇರುವ) ತರಗತಿಗೆ ಆಯ್ಕೆಯಾಗುವುದು ಕಡಿಮೆ, ಅದರಲ್ಲೂ ಅವರ ಟೀಚರು ಬೇರೆ ಜನಾಂಗದವರಾಗಿದ್ದಾಗ ಎಂಬುದು ರಾಷ್ಟ್ರಮಟ್ಟದ ಅಧ್ಯಯನದಲ್ಲೇ ಕಂಡಿದೆ. ಇದಕ್ಕೆ ಹಳೆಯ ಬೇರಿದೆ. ಬಿಳಿಯರಿಗೆ, ಕರಿಯರಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಇಡುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನ ನಂತರ ಒಂದೇ ಕಟ್ಟಡಕ್ಕೆ ಬಂದ ಮಕ್ಕಳನ್ನು ಒಳಗೆ ‘ಟ್ರ್ಯಾಕ್’ ಹೆಸರಲ್ಲಿ ಮತ್ತೆ ಬೇರೆ ಬೇರೆ ಕೋಣೆಗಳಿಗೆ ಹಂಚಲಾಯಿತು. ವಾಷಿಂಗ್ಟನ್ ಡಿ.ಸಿ. ಶಾಲೆಗಳ ಇಂಥ ಪದ್ಧತಿಯನ್ನು 1967ರಲ್ಲೇ ನ್ಯಾಯಾಧೀಶ ಜೆ. ಸ್ಕೆಲ್ಲಿ ರೈಟ್ ರದ್ದು ಮಾಡಿದರು. ಬೇರೆಡೆ ಅದು ಹೆಸರು ಬದಲಿಸಿ ಉಳಿಯಿತು.

ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಅನುಭವ ಎಲ್ಲರೂ ತಿಳಿಯಬೇಕಾದ್ದು. ಅಲ್ಲಿ ಗಿಫ್ಟೆಡ್ ತರಗತಿಗೆ ಐಕ್ಯೂ 130 ಬೇಕಿತ್ತು, ಬಡ ಮಕ್ಕಳಿಗೆ ಮತ್ತು ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರಿಗೆ 116. ಆದರೆ ಪರೀಕ್ಷೆ ಬರೆಯಲೇ ಟೀಚರೋ ಪೋಷಕರೋ ಹೆಸರು ಸೂಚಿಸಬೇಕಿತ್ತು. 2005ರಲ್ಲಿ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಭಾಷೆಯ ಹಂಗಿಲ್ಲದ ಒಂದು ಚಿಕ್ಕ ಪರೀಕ್ಷೆ ಕೊಟ್ಟು, ಅದರಲ್ಲಿ ಮುಂದೆ ಬಂದವರನ್ನೆಲ್ಲ ಐಕ್ಯೂ ಪರೀಕ್ಷೆಗೆ ಕಳಿಸಿದರು. ಕಪ್ಪುವರ್ಣೀಯ, ಲ್ಯಾಟಿನೊ ಮತ್ತು ಬಡ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಕಟ್‌ಆಫ್ ಒಂದಂಕವೂ ಇಳಿಯಲಿಲ್ಲ. ಮುಂದೆ ಖರ್ಚಿನ ನೆಪದಲ್ಲಿ ಆ ಪರೀಕ್ಷೆ ನಿಂತಿತು, ಹಳೆಯ ಅಂತರ ವಾಪಸ್ ಬಂತು. ಆ ಮಕ್ಕಳು ಮೊದಲಿನಿಂದಲೂ ಅಲ್ಲೇ ಇದ್ದರು. ಅವರ ಹೆಸರು ಹೇಳುವವರು ಇರಲಿಲ್ಲ ಅಷ್ಟೆ.

ಹಾಗೆಂದು ಅಡ್ವಾನ್ಸ್ಡ್ ತರಗತಿಯನ್ನೇ ಕಿತ್ತುಹಾಕುವುದು ಪರಿಹಾರವಲ್ಲ. ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಎಂಟನೇ ತರಗತಿಯ ಆಲ್ಜೀಬ್ರಾ ನಿಲ್ಲಿಸಿತು. ಅನುಕೂಲಸ್ಥರು ಹೊರಗಿನ ಕೋರ್ಸು ಹಿಡಿದು ಮುಂದೆ ಹೋದರು, ಎ.ಪಿ. ಗಣಿತದಲ್ಲಿ ಜನಾಂಗಗಳ ನಡುವಿನ ಅಂತರ ಹೆಚ್ಚೇನೂ ಅಲುಗಲಿಲ್ಲ. 2024ರ ಮಾರ್ಚ್‌ನಲ್ಲಿ ಮತದಾರರು ಅದನ್ನು ಮರಳಿ ತನ್ನಿ ಎಂದರು. ಆಲ್ಜೀಬ್ರಾ ನಿಲ್ಲಿಸಿದ್ದರ ಮೇಲೆ ನಮ್ಮ ಪೋಷಕರಿಗಿದ್ದ ಸಿಟ್ಟಿಗೆ ಅರ್ಥವಿತ್ತು.

ಇದಕ್ಕಿಂತ ವಾಸಿ ಎನಿಸುವುದು ತಾನೇತಾನಾಗಿ ಸೇರಿಸುವ ಕ್ರಮ. ರಾಜ್ಯದ ಪರೀಕ್ಷೆಯಲ್ಲಿ ನಿಗದಿತ ಅಂಕ ಬಂತೋ, ಮಗು ಅಡ್ವಾನ್ಸ್ಡ್ ಗುಂಪಿನಲ್ಲಿ. ಬೇಡವಾದರೆ ಪೋಷಕರು ಬರೆದುಕೊಡಬೇಕು. ವಾಷಿಂಗ್ಟನ್ ರಾಜ್ಯದ ಫೆಡರಲ್ ವೇ ಪಟ್ಟಣ 2010ರಲ್ಲಿ ಶುರು ಮಾಡಿದ್ದನ್ನು 2019ರಲ್ಲಿ ಇಡೀ ರಾಜ್ಯಕ್ಕೇ ಕಾನೂನು ಮಾಡಿದರು. ನಾರ್ತ್ ಕ್ಯಾರೊಲಿನಾ 2018ರಲ್ಲಿ ಗಣಿತಕ್ಕೆ ಇಂಥದ್ದೇ ಕಾನೂನು ತಂದಿತು. ಟೆಕ್ಸಾಸ್ 2023ರಲ್ಲಿ, ಐದನೇ ತರಗತಿ ಗಣಿತದಲ್ಲಿ ಮೊದಲ 40%ರೊಳಗೆ ಬಂದವರನ್ನು ಆರನೇ ತರಗತಿಯ ಅಡ್ವಾನ್ಸ್ಡ್ ಗಣಿತಕ್ಕೆ ಸೇರಿಸಬೇಕೆಂದಿತು.

ಇಲ್ಲೂ ಎಡವಟ್ಟುಗಳಿವೆ. ಮಗುವನ್ನು ಸೇರಿಸಿ, ಮೊದಲ ಕೆಲವು ವಾರ ಹೆಚ್ಚಿನ ಪಾಠ ಕೊಡದೆ, ಮೊದಲ ಟೆಸ್ಟಿನಲ್ಲಿ ಜಾರಿದೊಡನೆ ‘ಡ್ರಾಪ್’ ಮಾಡಿಸುತ್ತಾರೆ. ಒಂದೇ ಒಂದು ಸೆಕ್ಷನ್ ಇರುವ ಎ.ಪಿ. ಕ್ಲಾಸನ್ನು, ಹೊಸದಾಗಿ ಇಂಗ್ಲಿಷ್ ಕಲಿಯುವವರ ತರಗತಿಯ ಪೀರಿಯಡ್ಡಿಗೇ ಇಡುತ್ತಾರೆ. ಎ.ಪಿ. ಪರೀಕ್ಷೆಯ ಫೀಸು ಸುಮಾರು 100 ಡಾಲರ್, ಹೆಸರು ನೋಂದಾಯಿಸಬೇಕಾದ್ದು ನವೆಂಬರಿನಲ್ಲಿ, ತಡವಾದರೆ ಇನ್ನೂ 40 ಡಾಲರ್. ಬಡ ಮಕ್ಕಳಿಗೆ ರಿಯಾಯಿತಿ ಇದೆ ನಿಜ, ಆದರೆ ಅರ್ಹರೆಂದು ಶಾಲೆ ಗುರುತು ಹಾಕಬೇಕು. ಇಡೀ ಶಾಲೆಗೇ ಉಚಿತ ಊಟ ಇರುವ ಕಡೆ ಮನೆ ಮನೆಯ ಆದಾಯದ ಫಾರಂ ಇರುವುದಿಲ್ಲ. ಶಾಲೆ ಬೇರೆ ದಾರಿಯಿಂದ ಗುರುತಿಸದಿದ್ದರೆ ತೀರಾ ಬಡವರಿರುವ ಶಾಲೆಯ ಮಗುವೇ ಪೂರ್ತಿ ಫೀಸು ಕಟ್ಟಬೇಕಾಗುತ್ತದೆ.

ನಮ್ಮವರ ಮಾತಿಗೆ ಬರೋಣ. ಅಮೆರಿಕದಲ್ಲಿರುವ ವಯಸ್ಕ ಭಾರತೀಯರಲ್ಲಿ ನಾಲ್ವರಲ್ಲಿ ಮೂವರು ಪದವೀಧರರು. ವೀಸಾ ಎಂಬ ಜರಡಿಯಲ್ಲಿ ಸೋಸಿ ಬಂದ ಗುಂಪಿದು. ಬೆಂಗಳೂರಿನಿಂದ ಏಳನೇ ತರಗತಿಯ ಮಗುವಿನೊಂದಿಗೆ ಬಂದಿಳಿದವರನ್ನೇ ನೋಡಿ. ಅಂಕಪಟ್ಟಿಯಲ್ಲಿ ‘ಗಣಿತ’ ಎಂದಷ್ಟೇ ಇರುವುದರಿಂದ ಕೌನ್ಸೆಲರು ವಯಸ್ಸು ನೋಡಿ ಸಾಮಾನ್ಯ ಗಣಿತಕ್ಕೆ ಹಾಕುತ್ತಾರೆ. ಆಗ ಪಠ್ಯಪುಸ್ತಕದ ಪರಿವಿಡಿ ತೋರಿಸಿ, ಬೀಜೋಕ್ತಿ, ಸಮೀಕರಣ ಆಗಲೇ ಕಲಿತಿದ್ದಾನೆಂದು ವಿವರಿಸಿ, ಶಾಲೆ ಶುರುವಾಗುವ ಮುನ್ನವೇ ಪ್ಲೇಸ್‌ಮೆಂಟ್ ಪರೀಕ್ಷೆ ಕೊಡಿ ಎಂದು ಇಮೇಲ್‌ನಲ್ಲಿ ಕೇಳಬೇಕು. ಹೊಸದಾಗಿ ಬರುವವರು ಇದನ್ನು ಖಂಡಿತ ಮಾಡಿ. ಆದರೆ ಹೀಗೊಂದು ಇಮೇಲ್ ಬರೆಯುವುದು ಎರಡು ಪಾಳಿ ದುಡಿಯುವ, ಇಂಗ್ಲಿಷ್ ಬಾರದ ತಾಯಿಗೆ ಸಾಧ್ಯವೇ? ನಮ್ಮ ಮಗುವಿನ ‘ಪ್ರತಿಭೆ’ಯಲ್ಲಿ ಈ ಇಮೇಲಿನ ಪಾಲೂ ಇದೆ.

ಸ್ಕೂಲ್ ಬೋರ್ಡ್ ಸಭೆಗಳಲ್ಲಿ ಭಾರತೀಯ ಪೋಷಕರು ಈಗ ಗಟ್ಟಿಯಾಗಿಯೇ ಮಾತಾಡುತ್ತಾರೆ. ಹಾನರ್ಸ್ (ಹೆಚ್ಚಿನ ಮಟ್ಟದ) ಕ್ಲಾಸು ತೆಗೆಯಬೇಡಿ ಎನ್ನುವುದರ ಜೊತೆಗೆ ಇನ್ನೆರಡು ಲೆಕ್ಕವನ್ನೂ ಕೇಳಲಿ. ಕಳೆದ ವರ್ಷ ಐದನೇ ತರಗತಿಯಲ್ಲಿ ನಿಗದಿತ ಅಂಕ ದಾಟಿದ ಮಕ್ಕಳೆಷ್ಟು, ಅವರಲ್ಲಿ ಆರನೇ ತರಗತಿಯ ಅಡ್ವಾನ್ಸ್ಡ್ ಗಣಿತದಲ್ಲಿ ಕೂತವರೆಷ್ಟು? ಉತ್ತರವನ್ನು ಜನಾಂಗವಾರು, ಬಡ ಕುಟುಂಬಗಳದ್ದು ಬೇರೆಯಾಗಿ, ಶಾಲೆವಾರು ಕೊಡಿ ಎಂದು ಕೇಳಬೇಕು. ಇಡೀ ಜಿಲ್ಲೆಯ ಸರಾಸರಿ ಕೊಟ್ಟು ಕಳಿಸಿದರೆ ಒಪ್ಪಬಾರದು.

– ಓದುಗರು, ಡಲ್ಲಾಸ್, ಟೆಕ್ಸಾಸ್