12 ದಿನದ ಚಲನ್: ಕೇಂದ್ರ ಕಾರ್ಮಿಕ ಖಾತೆ ರಾಜ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶೋಭಾ ಕರಂದ್ಲಾಜೆ ಅವರಿಗೆ,

ನಮಸ್ಕಾರ. ನಾನು ನಿಮ್ಮ ಬೆಂಗಳೂರು ಉತ್ತರ ಕ್ಷೇತ್ರದ ಮತದಾರ. ಪೀಣ್ಯದ ಸಣ್ಣಪುಟ್ಟ ಶೆಡ್‌ಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಪ್ರತಿ ತಿಂಗಳು 15ನೇ ತಾರೀಖಿನೊಳಗೆ ಇಎಸ್‌ಐ, ಅಂದರೆ ಕೆಲಸಗಾರರ ವಿಮೆಯ ಚಲನ್ ಕಟ್ಟಬೇಕಲ್ವಾ, 10 ದಾಟಿತೆಂದರೆ ನನಗೆ ಊಟ ನಿದ್ದೆ ಇರುವುದಿಲ್ಲ. ಈ ಪತ್ರದಲ್ಲಿ ಒಂದು ದೂರಿದೆ, ನನ್ನದೇ ಒಂದು ತಪ್ಪೂ ಇದೆ. ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಶೆಡ್ಡಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಒಬ್ಬ ಹೆಣ್ಣುಮಗಳಿದ್ದರು. ತಿಂಗಳಿಗೆ 15 ಸಾವಿರ ಸಂಬಳ. ಭಾನುವಾರ ಬಿಟ್ಟರೆ ರಜೆ ಹಾಕಿದ್ದೇ ಕಮ್ಮಿ. ನಾನು ಚಲನ್ ತುಂಬುವಾಗ ಓನರ್ ಒಂದು ದಿನ, "ಅವಳ ಹೆಸರಿಗೆ 12 ದಿನ ಹಾಕು, ಸಾಕು" ಅಂದರು. ಹಾಕಿದೆ. ಮುಂದಿನ ತಿಂಗಳೂ ಹಾಕಿದೆ. ಆಮೇಲೆ ಅವರು ಹೇಳಬೇಕಾಗಿಯೇ ಇರಲಿಲ್ಲ, ಕೈ ತಾನಾಗೇ 12 ಅಂತ ಒತ್ತುತ್ತಿತ್ತು. ಚಲನ್ ತುಂಬುವ ಆ ಇಎಸ್‌ಐ ಪೋರ್ಟಲ್ ಕೂಡ ತಮಾಷೆಯದು. ಸೊನ್ನೆ ದಿನ ಹಾಕಿದರೆ ಕಾರಣ ಏನು ಅಂತ ಕೇಳುತ್ತದೆ. 12 ಹಾಕಿದರೆ ತುಟಿ ಬಿಚ್ಚುವುದಿಲ್ಲ.

ಇದರಿಂದ ಓನರಿಗೆ ಉಳಿದದ್ದೆಷ್ಟು ಗೊತ್ತಾ? 2019ರ ಜುಲೈಯಿಂದ ಇಎಸ್‌ಐ ವಂತಿಗೆಯಲ್ಲಿ ಓನರ್ ಪಾಲು ಸಂಬಳದ 3.25%, ಕೆಲಸಗಾರರ ಪಾಲು 0.75%. 15 ಸಾವಿರಕ್ಕೆ ಓನರ್ ಕಟ್ಟಬೇಕಾದದ್ದು 488 ರೂಪಾಯಿ. 26 ದಿನದ ಬದಲು 12 ದಿನದ ಕೂಲಿ ತೋರಿಸಿದರೆ 225 ಆಗುತ್ತದೆ. ತಿಂಗಳಿಗೆ 263 ರೂಪಾಯಿ ಉಳಿತಾಯ. ಆಕೆಯ ಸಂಬಳದಿಂದ ಮಾತ್ರ 113 ರೂಪಾಯಿ ಪೂರ್ತಿ ಹಿಡಿದಿದ್ದರು. ಅದರಲ್ಲಿ ಇಎಸ್‌ಐಗೆ ಹೋದದ್ದು 52. ಮಿಕ್ಕಿದ್ದು ಎಲ್ಲಿಗೆ ಹೋಯಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಆರ್ಡರ್ ಕಮ್ಮಿಯಾಯಿತು ಅಂತ ಆಕೆಯನ್ನು ಕೆಲಸದಿಂದ ತೆಗೆದರು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ, ಕೆಲಸ ಹೋದವರಿಗೆ 90 ದಿನದವರೆಗೆ ಸ್ವಲ್ಪ ಭತ್ಯೆ ಸಿಗುತ್ತದೆ ಅಂತ ನಾನೇ ಹೇಳಿದೆ. 2018ರಲ್ಲಿ ಶುರುವಾದಾಗ ದಿನದ ಸರಾಸರಿ ಕೂಲಿಯ 25% ಇತ್ತು. ಕೊರೊನಾ ಬಂದ ಮೇಲೆ 50% ಮಾಡಿದರು. ಕೆಲಸ ಹೋಗಿ 30 ದಿನಕ್ಕೇ ಅರ್ಜಿ ಹಾಕಬಹುದು, ಅದು ಓನರ್ ಮೂಲಕವೇ ಹೋಗಬೇಕು ಅನ್ನುವುದನ್ನೂ ತೆಗೆದರು. ಒಳ್ಳೆಯ ಬದಲಾವಣೆಗಳೇ. ಆಕೆಯ ನಿಜವಾದ ಸಂಬಳದ ಮೇಲೆ ಲೆಕ್ಕ ಹಾಕಿದರೆ ಸುಮಾರು 22 ಸಾವಿರ ಬರಬೇಕಿತ್ತು. ಮನೆ ಬಾಡಿಗೆ, ಮಗನ ಶಾಲೆ ಫೀಸು ಎಲ್ಲಾ ಅದರಲ್ಲಿ ಹೊಂದಿಸಬಹುದು ಅಂದುಕೊಂಡಿದ್ದರು.

ಆದರೆ ಆ ಭತ್ಯೆಗೆ ಒಂದು ಷರತ್ತಿದೆ. ಕೆಲಸ ಹೋಗುವ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ತಿಂಗಳಿಗೆ 12ರಂತೆ ಆರು ತಿಂಗಳಿಗೆ 72. ನಾನು ತಿಂಗಳಿಗೆ ಒಂದೇ ಒಂದು ದಿನ ಜಾಸ್ತಿ ಹಾಕಿದ್ದರೆ ಸರಿಯಾಗಿ 78 ಆಗುತ್ತಿತ್ತು. ದಿನವೂ ಲೆಕ್ಕದಲ್ಲೇ ಮುಳುಗಿರುವ ನನಗೆ ಈ ಗುಣಾಕಾರ ಹೊಳೆದದ್ದು ಅರ್ಜಿ ವಾಪಸ್ ಬಂದ ಮೇಲೆ.

ಇದು ಒಂದು ಶೆಡ್ಡಿನ ಕತೆ ಅಂದುಕೊಳ್ಳಬೇಡಿ. 10 ಜನ ಇದ್ದರೆ ಇಎಸ್‌ಐಗೆ ನೋಂದಣಿ ಆಗಬೇಕು, ಅದೂ 15 ದಿನದೊಳಗೆ. ಅದಕ್ಕೇ ಒಂದೇ ಶೆಡ್ಡಿಗೆ ಎರಡು ಬೋರ್ಡು ಹಾಕುತ್ತಾರೆ, ಗಂಡನ ಹೆಸರಲ್ಲೊಂದು, ಹೆಂಡತಿ ಹೆಸರಲ್ಲೊಂದು. ಹತ್ತನೆಯವನಿಗೆ ಕೈಗೆ ಕಾಸು ಕೊಟ್ಟು ಪುಸ್ತಕದಿಂದ ಹೊರಗೆ ಇಡುತ್ತಾರೆ. "ಅವರು ಕಂಟ್ರಾಕ್ಟರ್ ಹುಡುಗರು, ನಮಗೆ ಸಂಬಂಧ ಇಲ್ಲ" ಅನ್ನುತ್ತಾರೆ. ಕಂಟ್ರಾಕ್ಟರ್ ಕಟ್ಟದಿದ್ದರೆ ಮೂಲ ಮಾಲೀಕನೇ ಕಟ್ಟಬೇಕು ಅಂತ ಕಾನೂನು ಹೇಳುತ್ತದೆ, ಅದನ್ನು ಓದಿದವರು ಯಾರು? ಕೆಲಸದಿಂದ ತೆಗೆಯುವಾಗ ರಾಜೀನಾಮೆ ಬರೆಸಿಕೊಳ್ಳುವುದು ಇನ್ನೊಂದು ರೂಢಿ. ತಾನಾಗಿ ಬಿಟ್ಟವನಿಗೆ ಭತ್ಯೆ ಇಲ್ಲವಲ್ಲ.

ಎಲ್ಲ ಓನರ್‌ಗಳೂ ಹೀಗಲ್ಲ. ಬ್ಯಾಂಕಿನ ಕಂತು ತಪ್ಪಿದರೂ ಇಎಸ್‌ಐ ತಪ್ಪಿಸದವರ ಲೆಕ್ಕವನ್ನೂ ನಾನು ಬರೆಯುತ್ತೇನೆ. ಪಕ್ಕದ ಶೆಡ್ಡಿನವನು ಕಟ್ಟದೆ ಕಮ್ಮಿ ರೇಟಿಗೆ ಆರ್ಡರ್ ಹೊಡೆದುಕೊಂಡಾಗ ಅವರ ಹೊಟ್ಟೆ ಉರಿಯುವುದನ್ನೂ ನೋಡಿದ್ದೇನೆ.

2025ರ ಜುಲೈ 1ರಿಂದ ನಿಮ್ಮ ಇಲಾಖೆ ಸ್ಪ್ರೀ ಯೋಜನೆ ತಂದಿತು. ನೋಂದಣಿ ಮಾಡಿಸದ ಓನರ್ ಆ ಅವಧಿಯಲ್ಲಿ ಬಂದರೆ ಹಳೇ ಬಾಕಿ ಕೇಳುವುದಿಲ್ಲ ಅಂದಿತು. ಹೇಗೋ ಒಳಗೆ ಬರಲಿ ಅಂತ ನಾನೂ ಕೆಲವರಿಗೆ ಹೇಳಿದೆ. ಆದರೆ ನೋಡಿ, ಓನರಿಗೆ ಹಳೇ ಬಾಕಿ ಮಾಫಿ ಆಯಿತು. ಅಲ್ಲೇ ಆರು ವರ್ಷ ದುಡಿದವನ ಲೆಕ್ಕ ಮಾತ್ರ ನಿನ್ನೆ ಸೇರಿದವನಂತೆ ಸೊನ್ನೆಯಿಂದ ಶುರುವಾಯಿತು. ಮರುತಿಂಗಳೇ ಅವನ ಕೆಲಸ ಹೋದರೆ?

ನಾನು ಹೊಸ ಕಾನೂನು ಕೇಳುತ್ತಿಲ್ಲ. ಓನರ್ ವಂತಿಗೆ ಕಟ್ಟದೆ ಕೆಲಸಗಾರನಿಗೆ ಸೌಲಭ್ಯ ತಪ್ಪಿದರೆ, ಇಎಸ್‌ಐ ನಿಗಮವೇ ಮೊದಲು ಕೊಟ್ಟು ಆಮೇಲೆ ಓನರ್ ಕೈಯಿಂದ ವಸೂಲಿ ಮಾಡಬಹುದು ಅಂತ 1948ರ ಇಎಸ್‌ಐ ಕಾಯ್ದೆಯ 68ನೇ ಸೆಕ್ಷನ್‌ನಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಂಥ ಅಧಿಕಾರ ಇದೆ. ಅದನ್ನು ಕೆಲಸ ಹೋದವರ ಭತ್ಯೆಗೂ ಬಳಸಿ. ದಿನ ಕಮ್ಮಿ ಇದೆ ಅಂತ ಅರ್ಜಿ ತಳ್ಳಿಹಾಕುವ ಮುಂಚೆ ಹಾಜರಿ ಪುಸ್ತಕ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ನೋಡಲಿ. ಆಕೆಯ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಪೂರ್ತಿ ಸಂಬಳ ಬಿದ್ದಿತ್ತು. ಯಾರೂ ಕೇಳಲಿಲ್ಲ, ಅಷ್ಟೇ.

ಇನ್ನೊಂದು ಇದಕ್ಕಿಂತ ಸುಲಭ. ನಾನು ಚಲನ್ ಒತ್ತಿದ ದಿನವೇ ಕೆಲಸಗಾರರ ಮೊಬೈಲಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗಲಿ. ಈ ತಿಂಗಳು ನಿಮ್ಮ ಹೆಸರಿಗೆ ಇಷ್ಟು ದಿನ, ಇಷ್ಟು ಕೂಲಿ ತೋರಿಸಿದ್ದಾರೆ, ತಪ್ಪಿದ್ದರೆ ಈ ನಂಬರಿಗೆ ಹೇಳಿ, ಅಂತ. ಆಕೆಗೆ ಮೊದಲ ತಿಂಗಳೇ "12 ದಿನ" ಅಂತ ಮೆಸೇಜ್ ಬಂದಿದ್ದರೆ ಮಾರನೇ ದಿನ ನನ್ನ ಟೇಬಲ್ ಮುಂದೆ ಬಂದು ನಿಲ್ಲುತ್ತಿದ್ದರು. ಎರಡನೇ ತಿಂಗಳು 12 ಒತ್ತಲು ನನಗೂ ಧೈರ್ಯ ಇರುತ್ತಿರಲಿಲ್ಲ.

ಆ ಶೆಡ್ಡಿನ ಲೆಕ್ಕ ಬರೆಯುವುದನ್ನು ಬಿಟ್ಟಿದ್ದೇನೆ. ಈಗ ಬೇರೆ ಯಾರೋ ಬರೆಯುತ್ತಿದ್ದಾರೆ.

ಇಂತಿ,
ಪೀಣ್ಯದ ಒಬ್ಬ ಲೆಕ್ಕ ಬರೆಯುವವನು